ಒಂದು ಮೂಟೆ ಸೊಪ್ಪು

ಕೋರಮಂಡಲ್
12-6-1963

ಪ್ರೀತಿಯ ಅಣ್ಣನಿಗೆ,

ಸುಬ್ಬಿಯ ನಮಸ್ಕಾರ. ನೀನು ಬಂಗಾರಪೇಟೆಗೆ ಅಬಕಾರಿ ಇನ್ಸ್‌ಪೆಕ್ಟರಾಗಿ ವರ್ಗವಾಗಿ ಬಂದೆಯೆಂದು ಗೊತ್ತಾದ ದಿನ ಅಮ್ಮ ನನ್ನ ಆಸ್ಪತ್ರೆಯವರಿಗೆಲ್ಲ ಬೆಲ್ಲ ಹಂಚಿದಳು. ಇಷ್ಟು ವರ್ಷ ಊರೂರು ಅಲೆದ ಮಗ ರೈಲು ಹತ್ತಿದರೆ ಇಳಿಯುವಷ್ಟು ಹತ್ತಿರ ಬಂದಿದ್ದಾನೆ, ಭಾನುವಾರ ಊಟಕ್ಕೆ ಬಂದೇ ಬರುತ್ತಾನೆ ಎಂದು ಕಾಯುತ್ತಿದ್ದಾಳೆ. ನೀನು ಬರದಿದ್ದರೆ ಬೈಸಿಕೊಳ್ಳುವವಳು ನಾನು.

ಊಟ ಹಾಗಿರಲಿ, ನಿನ್ನಿಂದ ಒಂದು ಕೆಲಸ ಆಗಬೇಕು. ನನ್ನ ವಾರ್ಡಿನಲ್ಲಿ ಪೆರುಮಾಳ್ ಎಂಬವನಿದ್ದಾನೆ. ಇಲ್ಲಿಯ ಚಿನ್ನದ ಗಣಿಯೊಳಗೆ ಮರದ ಆಸರೆ ನಿಲ್ಲಿಸುವ ಕೆಲಸದವನು. ಹೋದ ವರ್ಷ ಬಂಡೆ ಸಿಡಿದು ಬೆನ್ನುಮೂಳೆ ಮುರಿಯಿತು. ಕಾಲಿನ ಶಕ್ತಿ ಹೋಗಿ ಸುಮ್ಮನೆ ಬಿದ್ದಿದ್ದರೆ ಒಂದು ಥರ. ಇವನ ಕಾಲುಗಳು ಸುಮ್ಮನೆಯೂ ಇರುವುದಿಲ್ಲ. ಹೇಳದೆ ಕೇಳದೆ ಸೆಟೆದುಕೊಂಡು ಒದೆಯುತ್ತವೆ. ಹೆಂಡತಿ ಮಾರಿಯಮ್ಮ ಹಳೆಯ ಸೀರೆಯಿಂದ ಅವನ್ನು ಮಂಚಕ್ಕೆ ಕಟ್ಟುತ್ತಾಳೆ. "ಕಾಲು ನಂದೇ ಡಾಕ್ಟ್ರಮ್ಮ, ಯಾರ ಮಾತು ಕೇಳ್ತವೋ ಗೊತ್ತಿಲ್ಲ" ಅನ್ನುತ್ತಾನೆ, ನಗುತ್ತಲೇ.

ನನಗಿಂತ ಮುಂಚೆ ಇಲ್ಲಿದ್ದ ಡಾಕ್ಟರ ಬೀರುವಿನಲ್ಲಿ ಗಾಂಜಾ ಟಿಂಚರಿನ ಒಂದು ಹಳೆಯ ಬಾಟಲಿ ಸಿಕ್ಕಿತು. ಹುಬ್ಬು ಗಂಟಿಕ್ಕಬೇಡ. ನಾನು ಓದಿದ ಔಷಧದ ಪುಸ್ತಕದಲ್ಲೇ ಅದು ಇದೆ. ಹನಿ ಅಳೆದು ಕೊಟ್ಟೆ. ಪೆರುಮಾಳನ ಕಾಲುಗಳು ಸಡಿಲವಾದವು. ಕುರ್ಚಿಯಲ್ಲಿ ಕೂತು, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಮುದ್ದೆ ಮುರಿದು ಉಂಡ. ಮಾರಿಯಮ್ಮ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ಅತ್ತಳು. ಬಾಟಲಿ ಮುಗಿಯಿತು. ಕಾಲುಗಳು ಮತ್ತೆ ಮೊದಲಿನಂತಾದವು.

ಒಬ್ಬನಿಗೆ ಹಿಡಿಸಿತು ಎಂದು ಅದನ್ನು ಔಷಧ ಅನ್ನಲಾರೆ. ಇದು ದಿವ್ಯೌಷಧ ಅಂತಲೂ ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲು ಬಿಡಿ ಅನ್ನುತ್ತಿದ್ದೇನೆ. ಬೆನ್ನು ಮುರಿದವರು ಈ ಊರಲ್ಲಿ ಬೀದಿಗೊಬ್ಬರಿದ್ದಾರೆ. ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ, ಎಷ್ಟಕ್ಕೆ ಗುಣ, ಎಷ್ಟಕ್ಕೆ ಕೆಡುಕು ಎಂದು ನೋಡಬೇಕು. ಆದರೆ ಯಾವ ಔಷಧದಂಗಡಿಯಲ್ಲೂ ಆ ಟಿಂಚರ್ ಇಲ್ಲ. ಕೇಳಿದರೆ ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾರೆ. ನೀವು ರೈಲಿನಲ್ಲಿ ಹಿಡಿದ ಗಾಂಜಾ ಮೂಟೆಗಳನ್ನು ಸುಡುತ್ತೀರಂತೆ. ಸುಡುವುದರಲ್ಲಿ ಎರಡು ಸೇರು, ಕಾನೂನಿನ ಪ್ರಕಾರವೇ, ನನಗೆ ಸಿಗುವ ದಾರಿ ಹೇಳು.

ಸಂಕ್ರಾಂತಿ ಕಳೆದ ಮೇಲೆ, ಅವರ ತೈ ತಿಂಗಳಲ್ಲಿ, ಪೆರುಮಾಳನ ಮಗಳು ವಳ್ಳಿಯ ಮದುವೆ. "ಒಂದ್ ಗಳಿಗೆ ಮಣೆ ಮೇಲೆ ಕೂತು ಧಾರೆ ನೀರು ಬಿಡ್ಬೇಕು, ಆಮೇಲೆ ಈ ಕಾಲು ಎಲ್ಲಿಗಾದ್ರೂ ಓಗ್ಲಿ" ಅನ್ನುತ್ತಾನೆ. ಅಷ್ಟರೊಳಗೆ ಆಗಬೇಕು ಅಣ್ಣಾ.

ನಿನ್ನ,
ಸುಬ್ಬಿ


ಬಂಗಾರಪೇಟೆ
20-6-1963

ಚಿ. ಸುಬ್ಬಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಒಮ್ಮೆ ಓದಿದೆ. ಆಮೇಲೆ ಬಾಗಿಲು ಹಾಕಿಕೊಂಡು ಇನ್ನೊಮ್ಮೆ ಓದಿದೆ. ನೀನು ಡಾಕ್ಟರಾದೆ, ಸಂತೋಷ. ಆದರೆ ನಮ್ಮ ಇಲಾಖೆ ಏನೆಂದು ನಿನಗೆ ಗೊತ್ತಿಲ್ಲ. ಎರಡು ವರ್ಷದ ಹಿಂದೆ ದೇಶಗಳೆಲ್ಲ ಸೇರಿ ಮಾದಕ ಪದಾರ್ಥಗಳ ಮೇಲೆ ಒಪ್ಪಂದ ಮಾಡಿಕೊಂಡಿವೆ. ದಿನದಿನಕ್ಕೂ ಹಿಡಿತ ಬಿಗಿಯಾಗುತ್ತಿದೆ. ಹಿಡಿದ ಮಾಲನ್ನು ಸುಡಬೇಕು ಅಂದರೆ ಸುಡಬೇಕು. ಅದರಲ್ಲಿ ಒಂದು ಎಲೆ ಕಡಿಮೆಯಾದರೂ ಉತ್ತರ ಹೇಳಬೇಕಾದವನು ನಾನು.

ಹೋದ ವಾರವೇ ಗೂಡ್ಸ್ ಶೆಡ್ಡಿನ ಹಿಂದೆ, ಸಾಕ್ಷಿಗೆ ಕರೆದ ಪಂಚರ ಎದುರು ಸುಟ್ಟೆವು. ಗಾಳಿ ತಿರುಗಿ ಹೊಗೆಯೆಲ್ಲ ನಮ್ಮ ಮೇಲೇ ಬಂತು. ಪಂಚರಲ್ಲಿ ಒಬ್ಬರು ಮಧ್ಯಾಹ್ನದವರೆಗೂ ಕಾರಣವಿಲ್ಲದೆ ನಗುತ್ತಿದ್ದರು. ನಮ್ಮ ಪೇದೆ ದೊಡ್ಡವೆಂಕಟಪ್ಪ ಬೆಂಚಿನ ಮೇಲೆ ಮಲಗಿ, "ವರ್ಸದಿಂದ ಇದ್ದ ಸೊಂಟನೋವು ಓಯ್ತು ಸಾಮಿ" ಅಂದ. ನಾನು ಬೈದು ಎಬ್ಬಿಸಿದೆ.

ಕ್ರಮವಾಗಿ ಅರ್ಜಿ ಹಾಕು. ನ್ಯಾಯ ಇದ್ದರೆ ಆಗುತ್ತದೆ. ಅದು ತೀರ್ಮಾನವಾಗುವ ತನಕ ನೀನು ಇಲ್ಲಿಗೆ ಬರಬೇಡ, ನಾನೂ ಅಲ್ಲಿಗೆ ಬರುವುದಿಲ್ಲ. ಅರ್ಜಿದಾರಳು ಇನ್ಸ್‌ಪೆಕ್ಟರನ ತಂಗಿ, ಭಾನುವಾರ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ ಎಂದು ಯಾರಾದರೂ ಮೇಲಕ್ಕೆ ಬರೆದರೆ ನಿನ್ನ ಅರ್ಜಿಯೂ ಹೋಗುತ್ತದೆ, ನನ್ನ ಬಡ್ತಿಯೂ ಹೋಗುತ್ತದೆ. ಅಮ್ಮನಿಗೆ ಏನಾದರೂ ಹೇಳಿ ಸಮಾಧಾನ ಮಾಡು.

ಇತಿ,
ಜಯರಾಮಪ್ಪ


ಕೋರಮಂಡಲ್
2-9-1963

ಪ್ರೀತಿಯ ಅಣ್ಣನಿಗೆ,

ನಿನ್ನ ಕ್ರಮದ ಕಥೆ ಕೇಳು. ಅರ್ಜಿಯನ್ನು ಮೊದಲು ಔಷಧದ ಕಚೇರಿಗೆ ಹಾಕಿದೆ. ಇದು ಔಷಧವೇ ಅಲ್ಲ, ಮಾದಕ ಪದಾರ್ಥ, ಅಬಕಾರಿಗೆ ಕಳಿಸಿ ಅಂದರು. ನಿಮ್ಮವರಿಗೆ ಕಳಿಸಿದೆ. ರೋಗಿಗೆ ಕೊಡುವುದಾದರೆ ಅದು ಔಷಧ, ಅವರಿಗೇ ಕಳಿಸಿ ಅಂದರು. ಹೀಗೆ ಎರಡು ಸುತ್ತು ಹೊಡೆದ ಮೇಲೆ ನನಗೆ ತಲೆಕೆಟ್ಟು ಬೆಂಗಳೂರಿಗೇ ಹೋದೆ.

ಅಲ್ಲೊಬ್ಬ ಅಧಿಕಾರಿ. ಮೇಜಿನ ಮೇಲೆ ಗಾಜು, ಗಾಜಿನ ಕೆಳಗೆ ದೇವರ ಪಟ.

"ಇದರಿಂದ ಗುಣವಾಗುತ್ತೆ ಅನ್ನೋದಕ್ಕೆ ಪುರಾವೆ ಎಲ್ಲಮ್ಮ?"

"ಪುರಾವೆ ಹುಡುಕೋದಕ್ಕೇ ಸ್ವಾಮಿ ಅನುಮತಿ ಕೇಳ್ತಿರೋದು."

"ಪುರಾವೆ ಇಲ್ಲದೆ ಅನುಮತಿ ಕೊಡೋ ಹಾಗಿಲ್ಲ."

"ಅನುಮತಿ ಇಲ್ಲದೆ ಪುರಾವೆ ಎಲ್ಲಿಂದ ತರಲಿ?"

"ಅದನ್ನ ನೀವು ಯೋಚನೆ ಮಾಡಬೇಕು" ಅಂದು ಕಾಫಿ ತರಿಸಿದ. ಆ ಕಾಫಿಯನ್ನು ಕುಡಿದೆನಲ್ಲಾ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನೀನು ಹೇಳಿದ ಆ ಒಪ್ಪಂದವನ್ನೂ ತರಿಸಿ ಓದಿದೆ. ವೈದ್ಯಕ್ಕೆ, ವಿಜ್ಞಾನಕ್ಕೆ ಬಳಸಬಹುದು ಎಂದು ಅದರಲ್ಲೇ ಬರೆದಿದೆ ಅಣ್ಣಾ! ಬಾಗಿಲು ಇಟ್ಟಿದ್ದಾರೆ, ತೆಗೆಯುವವರು ಯಾರೂ ಇಲ್ಲ. ತೆಗೆದು ಏನಾದರೂ ಹೆಚ್ಚುಕಮ್ಮಿಯಾದರೆ ಕೆಲಸ ಹೋಗುತ್ತದೆ. ತೆಗೆಯದೆ ಪೆರುಮಾಳ್ ಮಂಚದಲ್ಲಿ ಒದ್ದಾಡಿದರೆ ಯಾರ ಕೆಲಸವೂ ಹೋಗುವುದಿಲ್ಲ. ಡಾಕ್ಟರ ಮಾತಿಗೆ ಸೊಪ್ಪು ಹಾಕುವವರು ಆ ಕಟ್ಟಡದಲ್ಲಿ ಯಾರೂ ಇಲ್ಲವೆಂದು ಇಳಿದು ಬರುತ್ತಿದ್ದೆ.

ಮೆಟ್ಟಿಲ ಹತ್ತಿರ ಪುಣ್ಯಾತ್ಮರೊಬ್ಬರು ಸಿಕ್ಕಿದರು. ವಯಸ್ಸಾದ ಡಾಕ್ಟರು, ಇಂಥ ಅರ್ಜಿಗಳನ್ನು ನೋಡುವ ಸಮಿತಿಯವರು. ನಿಂತುಕೊಂಡೇ ಎಲ್ಲವನ್ನೂ ಓದಿ, ನವೆಂಬರ್ ಆರರಂದು ನಾನೇ ಬಂದು ವಾರ್ಡು, ಬೀರು, ಬೀಗ ನೋಡುತ್ತೇನೆ, ಸರಿಯಿದ್ದರೆ ರುಜು ಹಾಕುತ್ತೇನೆ ಅಂದರು. ಪೆರುಮಾಳನಿಗೆ ಹೇಳಿದೆ. ಅವನು ಮಾರಿಯಮ್ಮನ ಕಡೆ ತಿರುಗಿ, "ನನ್ ಪಂಚೆ ಒಗೆದಿಡು" ಅಂದ. ಮದುವೆಗೆ ಇನ್ನೂ ಐದು ತಿಂಗಳಿದೆ!

ಸುಬ್ಬಿ


ಕೋರಮಂಡಲ್
28-9-1963
(ಕಾರ್ಡು)

ಚಿರಂಜೀವಿ ಜಯರಾಮನಿಗೆ ನಿಮ್ಮಮ್ಮ ಚಿಕ್ಕವೆಂಕಟಮ್ಮನ ಆಶೀರ್ವಾದ. ಕಾಂಪೌಂಡರ್ ಮುನಿಸ್ವಾಮಪ್ಪನ ಕೈಲಿ ಬರೆಸ್ತಾ ಇವ್ನಿ. ಸುಬ್ಬಿಗೆ ಪುರಸೊತ್ತಿಲ್ಲ, ನಿಂಗೆ ಈ ಕಡೆ ಬರಾಕೆ ಕಾಲಿಲ್ಲ. ಊರಿಂದ ತಂದಿದ್ದ ಬೀಜ ಆಸ್ಪತ್ರೆ ಇತ್ತಲಲ್ಲಿ ಆಕಿದ್ದೆ. ಸೊಪ್ಪು ಎದೆಮಟ್ಟ ಬಂದೈತೆ. ಏನ್ ಬೆಳೆ ಅಂತೀಯಾ! ವಾರ್ಡಿನೋರ್ಗೆಲ್ಲ ಕೊಡ್ತಾ ಇವ್ನಿ. ಪೆರುಮಾಳ್ ಕೇಳಿ ಕೇಳಿ ಆಕಿಸ್ಕೊಂಡು ಮದ್ಯಾನ ಗೊರಕೆ ಒಡೆದ. ಮಾರಿಯಮ್ಮ ಅವರ್ ಕೇರಿಗೆಲ್ಲ ಅಂಚವ್ಳೆ. ನಿಂಗೂ ಒಂದು ಮೂಟೆ ಕಟ್ಟಿ ರೈಲಿಗೆ ಆಕಿಸ್ತೀನಿ, ಸ್ಟೇಷನ್ನಾಗೆ ಇಳಿಸ್ಕೊ. ಉಸಾರು.


ಬಂಗಾರಪೇಟೆ
5-10-1963

ಸುಬ್ಬಿಗೆ,

ಆಸ್ಪತ್ರೆಯ ಹಿತ್ತಲಲ್ಲಿ ಏನು ಬೆಳೆದಿದೆಯೋ ಅದನ್ನು ಬೇರು ಸಮೇತ ಕಿತ್ತುಹಾಕಿಸು. ಈ ವಾರವೇ ಆಗಬೇಕು. ಯಾಕೆಂದು ಕಾಗದದಲ್ಲಿ ಕೇಳಬೇಡ. ಬುದ್ಧಿವಂತಳು, ನಿನಗೇ ತಿಳಿಯುತ್ತದೆ. ಇದನ್ನು ಓದಿ ಹರಿದುಹಾಕು.

ಜಯರಾಮಪ್ಪ


ಕೋರಮಂಡಲ್
11-10-1963

ಪ್ರೀತಿಯ ಅಣ್ಣನಿಗೆ,

ಗಿಡ ದಟ್ಟವಾಗಿ ಹಿತ್ತಲಿಗೆ ಹಾವು ಬಂದ ಸುದ್ದಿ ನಿನಗೆ ಯಾರು ಮುಟ್ಟಿಸಿದರು? ಬಂದದ್ದು ನಿಜ. ಬರಿಯ ಕೇರೆಹಾವು, ಅದರ ಪಾಡಿಗೆ ಅದು ಹೋಯಿತು. ಇಷ್ಟಕ್ಕೆಲ್ಲ ಹರಿದುಹಾಕು ಗಿರಿದುಹಾಕು ಎಂದು ಗುಟ್ಟಿನ ಕಾಗದ ಬೇರೆ! ಚಿಕ್ಕಂದಿನಲ್ಲೂ ನೀನು ಹಗ್ಗ ಕಂಡರೆ ಮಂಚ ಹತ್ತುತ್ತಿದ್ದೆ.

ಅಮ್ಮನಿಗೆ ಓದಿ ಹೇಳಿದೆ. "ಕೀಳಬೇಕಂತಾ? ಅದೇನು ಅವನಪ್ಪಂದಾ?" ಅಂದಳು. ಅವನಪ್ಪ ತನ್ನ ಗಂಡನೇ ಎಂಬುದು ಸಿಟ್ಟಿನಲ್ಲಿ ಮರೆತುಹೋಗಿತ್ತು. ಈಗ ನಾನು ಕಿತ್ತರೆ ವಾರ್ಡಿನವರೂ ಬಿಡುವುದಿಲ್ಲ, ಎಲ್ಲರಿಗೂ ರುಚಿ ಹತ್ತಿದೆ. ಅಷ್ಟು ಬೇಕಿದ್ದರೆ ನೀನೇ ಬಂದು ಕಿತ್ತುಕೊಂಡು ಹೋಗು.

ಬೀರುವಿಗೆ ಎರಡು ಬೀಗ ಹಾಕಿಸಿದ್ದೇನೆ. ಆರನೆಯ ತಾರೀಕಿಗೆ ಕಾಯುತ್ತಿದ್ದೇವೆ.

ಸುಬ್ಬಿ


ಕೋರಮಂಡಲ್
9-11-1963

ಅಣ್ಣನಿಗೆ,

ಮೂರು ದಿನದಿಂದ ಸಿಟ್ಟಿನಲ್ಲಿ ಬರೆದು ಬರೆದು ಹರಿದುಹಾಕುತ್ತಿದ್ದೇನೆ. ಏನಾಯಿತೆಂದು ಕೇಳು.

ಆರನೆಯ ತಾರೀಕು ಬೆಳಿಗ್ಗೆ ವಾರ್ಡು ತೊಳೆಸಿ, ಪೆರುಮಾಳನಿಗೆ ಕ್ಷೌರ ಮಾಡಿಸಿ, ಡಾಕ್ಟರು ಬರುವ ರೈಲಿಗೆ ಕಾಯುತ್ತಿದ್ದೆ. ಅಷ್ಟರಲ್ಲಿ ನಿಮ್ಮ ಅಬಕಾರಿಯ ಪೇದೆಗಳು ಬಂದು, ನನ್ನನ್ನು ಒಂದು ಮಾತೂ ಕೇಳದೆ ನೆಟ್ಟಗೆ ಹಿತ್ತಲಿಗೆ ನುಗ್ಗಿ, ಅಮ್ಮನ ಗೋಂಗೂರವನ್ನು ಕೀಳತೊಡಗಿದರು. ಗೋಂಗೂರ ಅಣ್ಣಾ! ಸಾರಿಗೆ ಹಾಕುವ ಹುಳಿ ಸೊಪ್ಪು! ಮುಂದಾಳು ದೊಡ್ಡವೆಂಕಟಪ್ಪನಂತೆ, ನೀನು ಬರೆದಿದ್ದ ಸೊಂಟನೋವಿನವನೇ ಇರಬೇಕು. "ಎಲೆ ನೋಡಮ್ಮ, ಬೆರಳು ಬೆರಳಾಗಿ ಐತಲ್ಲ, ಅದೇ ಇದು" ಅಂದ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿ ಬಂದಳು. "ಗೋಂಗೂರ ಕಣಪ್ಪಾ, ಗೋಂಗೂರ!" ಅಂತ ಅವಳು. "ಪುಳಿಚ್ಚ ಕೀರೆ ಅಯ್ಯಾ!" ಅಂತ ಮಾರಿಯಮ್ಮ. "ಪುಂಡಿ ಸೊಪ್ಪು ಸ್ವಾಮಿ!" ಅಂತ ಮುನಿಸ್ವಾಮಪ್ಪ. ತೆಲುಗಲ್ಲಿ ಒಂದು, ತಮಿಳಲ್ಲಿ ಒಂದು, ಕನ್ನಡದಲ್ಲಿ ಒಂದು. ಮೂರೂ ಒಂದೇ ಸೊಪ್ಪಿನ ಹೆಸರು ಎಂದು ಈ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದೊಡ್ಡವೆಂಕಟಪ್ಪ ಸೊಂಟದ ಮೇಲೆ ಕೈಯಿಟ್ಟು, "ಒಂದೇ ಗಿಡಕ್ಕೆ ಮೂವರೂ ಮೂರು ಎಸ್ರು ಏಳ್ತಾ ಇದೀರಿ, ಅದಕ್ಕೇ ನಂಗೆ ಅನುಮಾನ" ಅಂದ. ಮಹಜರಿನಲ್ಲೂ ಹಾಗೇ ಬರೆದರು: "ವಿಚಾರಿಸಲಾಗಿ ಮೂವರೂ ಪರಸ್ಪರ ಭಿನ್ನವಾದ ಹೆಸರುಗಳನ್ನು ಹೇಳಿರುತ್ತಾರೆ." ಅಮ್ಮ ಅವರೆದುರಿಗೇ ಒಂದು ಹಿಡಿ ಎಲೆ ಬಾಯಿಗೆ ತುಂಬಿಕೊಂಡು ಜಗಿದಳು. ಸಾಕ್ಷ್ಯ ನಾಶ ಮಾಡಬೇಡಿ ಅಂದರು.

ಸಮಿತಿಯ ಡಾಕ್ಟರು ಬಂದಾಗ ಅವರಿಗೆ ಕಂಡದ್ದು ಅರಗಿನ ಮುದ್ರೆ ಒತ್ತುತ್ತಿದ್ದ ಗಿಡದ ಕಂತೆಗಳು. ಅವರೂ ಎಲೆಯ ವಾಸನೆ ನೋಡಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಿಮ್ಮನ್ನು ನಂಬುತ್ತೇನಮ್ಮ. ಆದರೆ ಕೇಸು ಬಿದ್ದ ಮೇಲೆ ನಾನು ರುಜು ಹಾಕಿದರೆ ನಾಳೆ ನನ್ನನ್ನು ಕೇಳುತ್ತಾರೆ" ಎಂದು ಬಂದ ರೈಲಿಗೇ ವಾಪಸಾದರು. ಸೊಪ್ಪು ಪರೀಕ್ಷೆಗೆ ಮದರಾಸಿಗೆ ಹೋಗಿದೆ. ವರದಿ ಬರುವ ತನಕ ಅರ್ಜಿ ಹಾಗೇ ಇರುತ್ತದಂತೆ.

ಯಾವ ಪಾಪಿ ಹೊಟ್ಟೆಕಿಚ್ಚಿಗೆ ನನ್ನ ಮೇಲೆ ಹೇಳಿದನೋ, ಪತ್ತೆ ಮಾಡು. ನಿನ್ನ ಕಚೇರಿಯಿಂದಲೇ ಬಂದದ್ದಲ್ಲವೇ? ನಿನಗೆ ಗೊತ್ತಿಲ್ಲದೆ ನಿನ್ನ ಪೇದೆಗಳು ಹೊರಟರೇ? ನೀನೇ ಹೋಗಿ ಮೇಲಿನವರಿಗೆ ಒಂದು ಮಾತು ಹೇಳಿದರೆ ತೈ ತಿಂಗಳೊಳಗೆ ಇನ್ನೂ ಆದೀತು. ಪೆರುಮಾಳ್ ದಿನಾ ಕೇಳುತ್ತಾನೆ.

ಸುಬ್ಬಲಕ್ಷ್ಮಿ


ಬಂಗಾರಪೇಟೆ
24-11-1963

ಚಿ. ಸುಬ್ಬಲಕ್ಷ್ಮಿಗೆ,

ನಡೆದದ್ದಕ್ಕೆ ನನಗೂ ಬೇಸರವಿದೆ. ಆದರೆ ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿದೆ, ಯಾರಿಗೂ ಏಟು ಬಿದ್ದಿಲ್ಲ, ಯಾರನ್ನೂ ಹಿಡಿದುಕೊಂಡು ಹೋಗಿಲ್ಲ. ವರದಿ ಬಂದ ಮೇಲೆ ಎಲ್ಲ ಸರಿಹೋಗುತ್ತದೆ. ಅಲ್ಲಿಯ ತನಕ ನಾನು ಮಧ್ಯೆ ಬಾಯಿ ಹಾಕಿದರೆ ತಪ್ಪರ್ಥವಾಗುತ್ತದೆ.

ನೀನು ಇಲಾಖೆಯನ್ನು ಬೈಯುತ್ತೀಯ. ನಮ್ಮ ಜಾಗದಲ್ಲಿ ನಿಂತು ನೋಡು. ಗಾಂಜಾ ಬೇಕೆಂದು ಅರ್ಜಿ ಹಾಕಿರುವ ಆಸ್ಪತ್ರೆ. ಒಂದು ಮೂಟೆ ಸೊಪ್ಪು ರೈಲಿಗೆ ಹಾಕಿಸುತ್ತೇನೆ ಎಂಬ ಬರಹ ತೆರೆದ ಕಾರ್ಡಿನಲ್ಲಿ, ಇಡೀ ಕಚೇರಿ ಓದುವ ಹಾಗೆ ಬಂದರೆ ಯಾರು ತಾನೆ ಸುಮ್ಮನೆ ಕೂರುತ್ತಾರೆ? ಕಿತ್ತುಹಾಕು ಎಂದು ಮೊದಲೇ ಹೇಳಿದರೆ ಬಂದು ಕಿತ್ತುಕೋ ಎಂಬ ಉತ್ತರ. ಇದನ್ನೆಲ್ಲ ಯೋಚಿಸು. ಅಮ್ಮನ ಆರೋಗ್ಯ ನೋಡಿಕೋ.

ಜಯರಾಮಪ್ಪ


ಕೋರಮಂಡಲ್
9-2-1964

ಇನ್ಸ್‌ಪೆಕ್ಟರ್ ಜಯರಾಮಪ್ಪನವರಿಗೆ,

ನಿಮ್ಮ ಕಾಗದ ಬಂದ ದಿನವೇ ಅಮ್ಮನನ್ನು ಕೇಳಿದೆ, ಅಣ್ಣನಿಗೆ ಕಾರ್ಡು ಬರೆಸಿದ್ದೆಯಾ ಎಂದು. "ಊಂ, ಸೊಪ್ಪು ಕಳಿಸ್ತೀನಿ ಅಂತ ಬರೆಸಿದ್ದೆ. ಅದಕ್ಕೂ ಉತ್ತರ ಇಲ್ಲ ನೋಡು" ಅಂದಳು. ಪೇದೆಗಳನ್ನು ಕಳಿಸಿದ್ದು ಯಾರೆಂದು ನಾನು ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಅದು ನಿಮಗೋಸ್ಕರವಲ್ಲ, ಅವಳಿಗೋಸ್ಕರ.

ಇಷ್ಟು ದಿನ ಬರೆಯದೆ ಇದ್ದದ್ದು ಯಾಕೆಂದರೆ ವರದಿ ಬರಲಿ, ಎಲ್ಲ ಸರಿಹೋಗುತ್ತದೆ ಎಂದು ನೀವು ಹೇಳಿದ್ದಿರಿ. ಬಂತು. "ತಿನ್ನುವ ಹುಳಿ ಸೊಪ್ಪು, ಮಾದಕ ಅಂಶವಿಲ್ಲ." ಅದನ್ನು ಹಿಡಿದುಕೊಂಡು ಬೆಂಗಳೂರಿಗೆ ಓಡಿದೆ. ಗಾಜಿನ ಮೇಜಿನವನೇ ಇದ್ದ. ಅನುಮಾನಕ್ಕೆ ಒಳಗಾದ ಆಸ್ಪತ್ರೆಗೆ ಅನುಮತಿ ಕೊಡುವುದು ಯುಕ್ತವಲ್ಲ ಎಂದು ಅರ್ಜಿ ಮುಗಿಸಿಬಿಟ್ಟಿದ್ದಾರೆ. ಅನುಮಾನ ಸುಳ್ಳೆಂದು ನಿಮ್ಮ ವರದಿಯೇ ಹೇಳುತ್ತದಲ್ಲ ಅಂದೆ. "ಅನುಮಾನ ಬಂದದ್ದಂತೂ ನಿಜ ತಾನೆ?" ಅಂದ. ಈ ಸಲ ಕಾಫಿ ಮುಟ್ಟಲಿಲ್ಲ.

ಮೊನ್ನೆ ಗುರುವಾರ ವಳ್ಳಿಯ ಮದುವೆ ಆಯಿತು. ಪೆರುಮಾಳ್ ಧಾರೆ ಎರೆಯುವವನು ನಾನೇ ಎಂದು ಹಟ ಹಿಡಿದ. ಒಗೆದಿಟ್ಟ ಪಂಚೆ ಉಡಿಸಿ, ಅದರೊಳಗೆ ಹಳೆಯ ಸೀರೆಯಿಂದ ಕಾಲುಗಳನ್ನು ಮಣೆಗೆ ಕಟ್ಟಿ ಕೂರಿಸಿದೆವು. ನನ್ನ ಬಳಿ ಇದ್ದ ಮಾತ್ರೆಯನ್ನೂ ಕೊಟ್ಟಿದ್ದೆ, ಅದು ಅವನನ್ನು ತೂಕಡಿಸುವಂತೆ ಮಾಡಿತೇ ಹೊರತು ಕಾಲನ್ನು ಹಿಡಿಯಲಿಲ್ಲ. ಮಗಳ ಕೈ ಹಿಡಿದು ಚೊಂಬು ಬಗ್ಗಿಸಿದ, ನೀರು ಬೀಳುವುದಕ್ಕೆ ಮುಂಚೆ ಕಾಲು ಒದೆಯಿತು. ಸೀರೆ ಹರಿಯಿತು. ಕಳಶ ಉರುಳಿ, ದೀಪ ಹುಡುಗನ ಮಡಿಲ ಕಡೆ ಬಿತ್ತು. ಬೀಗರಲ್ಲಿ ಒಬ್ಬ ಎದ್ದು ನಿಂತು, "ಥೂ! ಮಗಳ ಮದುವೆ ದಿನಾನೂ ಗಾಂಜಾ ಒಡ್ಕೊಂಡು ಬಂದವ್ನೆ!" ಅಂದ.

ಮಾರಿಯಮ್ಮ ಅಷ್ಟು ಜನರೆದುರು, "ಅದನ್ನ ಕೊಟ್ಟಿದ್ರೆ ಒದೀತಿರ್ಲಿಲ್ಲ ಕಣಯ್ಯಾ!" ಎಂದು ಕೂಗಿದಳು. ಯಾರಿಗೂ ಅರ್ಥವಾಗಲಿಲ್ಲ. ಮಿಕ್ಕ ನೀರನ್ನು ಅವಳ ತಮ್ಮ ಬಿಟ್ಟ. ಪೆರುಮಾಳನನ್ನು ಚಪ್ಪರದಿಂದ ಎತ್ತಿಕೊಂಡು ಹೋಗುವಾಗ ನನ್ನ ಕೈ ಹಿಡಿದು ಅಂದ, "ಗಾಂಜಾ ಎಸ್ರು ಬಂತು ಡಾಕ್ಟ್ರಮ್ಮ, ಔಸ್ದಿ ಬರ್ಲಿಲ್ಲ."

ಅವನು ನಿಮ್ಮನ್ನು ಬೈಯಲಿಲ್ಲ. ನಿಮ್ಮ ಹೆಸರೇ ಅವನಿಗೆ ಗೊತ್ತಿಲ್ಲ. ಆ ಔಷಧ ಅವನಿಗೆ ನಿಜವಾಗಿ ಹಿಡಿಯುತ್ತಿತ್ತೋ ಇಲ್ಲವೋ, ಅದೂ ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂದು ಕಾನೂನೇನೂ ಹೇಳಿರಲಿಲ್ಲ. ನೀವು ಒಬ್ಬೊಬ್ಬರೂ ನಿಮ್ಮ ನಿಮ್ಮ ಕುರ್ಚಿ ನೋಡಿಕೊಂಡಿರಿ, ಅಷ್ಟೇ.

ಅಣ್ಣಾ, ಬೇರೆಯವರನ್ನು ಬಿಡು. ನಿನ್ನನ್ನು ಒಂದೇ ಒಂದು ಮಾತು ಕೇಳುತ್ತೇನೆ. ನಮ್ಮ ಮನೆಯಲ್ಲಿ ಸೊಪ್ಪು ಅಂದರೆ ಯಾವತ್ತಾದರೂ ಬೇರೆ ಅರ್ಥ ಇತ್ತೇ? ಸೊಪ್ಪಿನ ಸಾರು ಇದ್ದ ದಿನ ನೀನು ಸ್ಕೂಲಿಂದ ಓಡಿ ಬರುತ್ತಿದ್ದೆ, ನನ್ನ ಪಾಲನ್ನೂ ತಿನ್ನುತ್ತಿದ್ದೆ. ಅಮ್ಮ ಸೊಪ್ಪು ಅಂದಾಗ ನಿನಗೆ ಆ ಸಾರು ನೆನಪಾಗಲಿಲ್ಲವಲ್ಲ! ಕೇಸು ನೆನಪಾಯಿತಲ್ಲ! ಒಂದು ಭಾನುವಾರ ರೈಲು ಹತ್ತಿ ಬಂದು, ಒಂದು ಎಲೆ ಕಿತ್ತು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರೆ ಸಾಕಾಗಿತ್ತು. ಮದರಾಸಿಗೆ ಕಳಿಸಬೇಕಾಗಿರಲಿಲ್ಲ.

ಅರ್ಜಿಯನ್ನು ಮತ್ತೆ ಹಾಕುತ್ತೇನೆ. ತಿರಸ್ಕರಿಸಿದರೆ ಮತ್ತೆ ಹಾಕುತ್ತೇನೆ. ನಿನ್ನಿಂದ ಇನ್ನು ಶಿಫಾರಸು ಬೇಡ, ಎರಡು ಸೇರು ಮಾಲೂ ಬೇಡ. ಒಂದು ಉಪಕಾರ ಮಾಡು. ಮುಂದಿನ ಸಲ ಗೂಡ್ಸ್ ಶೆಡ್ಡಿನ ಹಿಂದೆ ಬೆಂಕಿ ಹಚ್ಚುವ ದಿನ ಯಾವುದು, ಗಾಳಿ ಯಾವ ಕಡೆಗೆ ಎಂದು ಒಂದು ಕಾರ್ಡು ಬರೆ. ಪೆರುಮಾಳನ ಮಂಚವನ್ನು ರೈಲಿನಲ್ಲಿ ತಂದು ಆ ಕಡೆಗೆ ಹಾಕಿಸುತ್ತೇನೆ.

ಸುಬ್ಬಲಕ್ಷ್ಮಮ್ಮ